ಅತ್ತೆಯ ಗಿರಣಿಯ ಅಯಸ್ಕಾಂತ

ಹೊನ್ನಾಳಿಯ ಮೋಟಾರು ರಿವೈಂಡಿಂಗ್ ಅಂಗಡಿಯ ವಾರ್ನಿಷ್ ವಾಸನೆ ಮೂಗಿಗೆ ಬಡಿದರೆ ನನಗೆ ನನ್ನದೊಂದು ಸೋಲು ನೆನಪಾಗುತ್ತದೆ. ನಿನ್ನೆ ಮಿಕ್ಸಿ ರಿಪೇರಿಗೆ ಕೊಟ್ಟು, ಗೆಳತಿ ಕಾವ್ಯಳ ಜೊತೆ ಫೋನಿನಲ್ಲಿ ವಾದ ಮಾಡುತ್ತಾ ಅಲ್ಲೇ ನಿಂತಿದ್ದೆ. ವಿಷಯ ಏನು ಅಂತ ಕೇಳಬೇಡಿ. ಗೆಲ್ಲುತ್ತಿದ್ದವಳು ನಾನು ಅನ್ನುವುದಷ್ಟೇ ಮುಖ್ಯ. ಅಷ್ಟರಲ್ಲಿ ಆ ವಾಸನೆ ಬಂತು, ಅದರ ಹಿಂದೆಯೇ ನೆನಪಿನಲ್ಲಿ ಗಂಗಮ್ಮತ್ತೆ ಬಂದಳು.

ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ಸಂತೇಬೆನ್ನೂರಿನಲ್ಲಿ ಅವಳ ಹಿಟ್ಟಿನ ಗಿರಣಿ. ಗೋಡೆಯ ಮೇಲೆ ಬುದ್ಧನ ಪಟ, ಅದರ ಮೇಲೂ ಒಂದು ಪದರ ಹಿಟ್ಟು. ನಮ್ಮ ಕಡೆ ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣ ನೋಡಿ. ಜೋಳ ಹರವುತ್ತಾರೆ, ಲಾರಿ ಬಸ್ಸು ತುಳಿಯುತ್ತವೆ, ಆಮೇಲೆ ಗುಡಿಸಿ ಚೀಲಕ್ಕೆ ತುಂಬುತ್ತಾರೆ. ಜೋಳದ ಜೊತೆ ರಸ್ತೆಯ ಮೊಳೆ, ತಂತಿ, ನಟ್ಟು ಎಲ್ಲವೂ ಚೀಲ ಸೇರುತ್ತವೆ. ನಾನಿನ್ನೂ ಓದುತ್ತಿದ್ದಾಗ ಒಂದು ವರ್ಷ ಹೀಗೇ ಒಂದು ಮೊಳೆ ಗಿರಣಿಗೆ ಬಿದ್ದು ಬೀಸುವ ಕಲ್ಲು ಚಕ್ಕೆ ಎದ್ದಿತ್ತು. ಕತ್ತಲಗೆರೆಯ ತಿಪ್ಪೇಸ್ವಾಮಣ್ಣ ಬಂದು ನಿಂತ.

"ಗಂಗಮ್ಮಾರೇ, ರೊಟ್ಟಿಯಾಗೆ ಕಲ್ಲು ಐತೆ. ನಾಳಿದ್ದು ಇನ್ನೊಂದು ಚೀಲ ತರ್ತೀನಿ. ಹಿಂಗೇ ಆದ್ರೆ ನಮ್ಮೂರಿನ ಒಂದು ಚೀಲಾನೂ ಇಲ್ಲಿಗೆ ಬರಂಗಿಲ್ಲ ನೋಡ್ರಿ."

"ಮೊಳೆ ನಿಮ್ಮ ಜೋಳದಾಗೇ ಇತ್ತಲ್ರೀ?"

"ನಮ್ಮ ಜೋಳದಾಗೆ ಮೊಳೆನಾ? ಏ, ಬಿಡ್ರಿ."

ಕತ್ತಲಗೆರೆಯ ಚೀಲಗಳು ನಿಂತರೆ ಗಿರಣಿಯೂ ನಿಂತಂತೆಯೇ. ನಾನು ಆಗಷ್ಟೇ ಜಗಳೂರಿನ ಚರ್ಚಾಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದಿದ್ದೆ. ಜಗತ್ತಿನ ಯಾವ ಸಮಸ್ಯೆಯೂ ನನಗೆ ದೊಡ್ಡದಾಗಿ ಕಾಣದ ಕಾಲ ಅದು. ವಿದ್ಯುತ್ ಅಯಸ್ಕಾಂತ ಮಾಡಿ ಗಿರಣಿಯ ಬಾಯಿಗೆ ಕಟ್ಟುತ್ತೇನೆ, ಸ್ವಿಚ್ ಆರಿಸಿದರೆ ಹಿಡಿದ ಮೊಳೆಯೆಲ್ಲ ಡಬ್ಬಿಗೆ ಬೀಳುತ್ತದೆ ಅಂದೆ.

ತಂತಿ ಸುತ್ತಲು ನಡುವೆ ಏನಾದರೂ ಬೇಕಲ್ಲ? ಅತ್ತೆ ಹಳೇ ತಕ್ಕಡಿಯ ಹಿತ್ತಾಳೆ ದಂಡ ಕೊಟ್ಟಳು. "ಕಬ್ಬಿಣ ಬ್ಯಾಡ, ತಿನ್ನೋ ಹಿಟ್ಟಿಗೆ ತುಕ್ಕು ಉದುರತೈತೆ." ಆಗಲಿ ಅಂದೆ. ಶಕ್ತಿ ಇರುವುದು ಕರೆಂಟಿನಲ್ಲಿ, ದಂಡ ಬರೀ ಗೂಟ ಅನ್ನುವುದು ನನ್ನ ವಾದ. ರಟ್ಟಿನ ಕೊಳವೆಗೆ ತಂತಿ ಸುತ್ತಿ, ಒಳಗೆ ದಂಡ ತೂರಿಸಿ, ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಜೋಡಿಸಿದೆ. ಒಂದು ಗುಂಡುಪಿನ್ನು ನಾಚಿಕೊಂಡು ತಲೆ ಎತ್ತಿತು, ಮತ್ತೆ ಮಲಗಿತು. ಪಕ್ಕದ ಮೊಳೆಗಳು ಕದಲಲೂ ಇಲ್ಲ.

ಇನ್ನಷ್ಟು ಸುತ್ತು ಬೇಕು, ದೊಡ್ಡ ಬ್ಯಾಟರಿ ಬೇಕು ಅಂತ ನಾನು ಶುರು ಮಾಡಿದೆ. ಕಾದ ತಂತಿಯಿಂದ ಅದೇ ವಾರ್ನಿಷ್ ವಾಸನೆ ಏಳುತ್ತಿತ್ತು. ಅತ್ತೆ ತಂತಿ ಮುಟ್ಟಿ ಕೈ ಕೊಡವಿಕೊಂಡಳು. "ತಂತಿ ಬಿಸಿ ಆತು, ನಿನ್ನ ಮಾತೂ ಬಿಸಿ ಆತು. ಮೊಳೆ ಮಾತ್ರ ತಣ್ಣಗೆ ಮಲಗೈತೆ ನೋಡು ವಕೀಲಮ್ಮ."

ಸಿಟ್ಟು ಬಂತು. ಸರಿ, ತಂತಿ ಅದೇ, ಬ್ಯಾಟರಿ ಅದೇ, ಒಳಗಿನದನ್ನಷ್ಟೇ ಬದಲಿಸಿ ನೋಡೋಣ ಅಂತ ಹೊರಟೆ. ಮರದ ಗೂಟ ಹಾಕಿದರೂ ಹಿತ್ತಾಳೆಯದೇ ಹಣೆಬರಹ. ಕುಡುಗೋಲು ಮಸೆಯುವ ಒಂದು ಹಳೇ ಉಕ್ಕಿನ ಅರ ತೂರಿಸಿದೆ ನೋಡಿ, ಮೊಳೆಗಳು ಗೊಂಚಲು ಗೊಂಚಲಾಗಿ ಹಾರಿ ಬಂದವು! ಅತ್ತೆ ಚಪ್ಪಾಳೆ ತಟ್ಟಿದಳು. ನಾನು ಠೀವಿಯಿಂದ ಸ್ವಿಚ್ ಆರಿಸಿದೆ. ಕೆಲವು ಬಿದ್ದವು. ಉಳಿದವು ಜಪ್ಪಯ್ಯ ಅಂದರೂ ಬಿಡಲಿಲ್ಲ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಥೇಟ್ ನಿನ್ನಂಗೇ ಕಣೇ! ಕರೆಂಟ್ ಹೋದ್ರೂ ಬಿಡಾಕೆ ಒಲ್ಲದು."

ಆಮೇಲೆ ಪುಸ್ತಕ ತೆಗೆದು ಕೂತೆ. ವಾದಕ್ಕೆ ಮೊದಲೇ ಓದಬೇಕಿತ್ತು, ಅದು ಬೇರೆ ಮಾತು. ತಂತಿಯ ಸುರುಳಿ ಅನ್ನುವುದು ವೇದಿಕೆಯ ಮೇಲಿನ ಭಾಷಣಕಾರ, ಒಳಗಿನ ದಂಡ ಸಭೆ. ಹಿತ್ತಾಳೆಯ ಸಭೆಯಲ್ಲಿ ತಿರುಗಿ ನೋಡುವವರೇ ಇಲ್ಲ. ಕಬ್ಬಿಣದೊಳಗೆ ಸಣ್ಣ ಸಣ್ಣ ಅಯಸ್ಕಾಂತಗಳ ಗುಂಪುಗಳಿವೆ. ಕರೆಂಟು ಹರಿದರೆ ಎಲ್ಲವೂ ಒಂದೇ ಕಡೆ ಮುಖ ಮಾಡಿ ದನಿಗೂಡಿಸುತ್ತವೆ. ಗಟ್ಟಿ ಉಕ್ಕಿನಲ್ಲಿ ಒಮ್ಮೆ ತಿರುಗಿದವು ಹಾಗೇ ನಿಂತುಬಿಡುತ್ತವೆ. ಮೆದು ಕಬ್ಬಿಣದಲ್ಲಿ ಬೇಗ ತಿರುಗುತ್ತವೆ, ಮಾತು ಮುಗಿದೊಡನೆ ತಮ್ಮ ಪಾಡಿಗೆ ತಾವು ಚದುರುತ್ತವೆ.

ಒಂದು ದಪ್ಪ ಕಬ್ಬಿಣದ ಬೋಲ್ಟನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನ ತಣಿಸಿದೆ. ಮೆದುವಾಗಲಿ ಅಂತ. ಅತ್ತೆಯ ತುಕ್ಕಿನ ಭಯಕ್ಕೆ ಮೇಲೊಂದು ಪ್ಲಾಸ್ಟಿಕ್ ಟೋಪಿ. ಅದನ್ನು ಸುರುಳಿಗೆ ತೂರಿಸಿ ಗಿರಣಿಯ ಬಾಯಿಗೆ ಕಟ್ಟಿದೆ.

ಹೇಳಿದ ದಿನ ತಿಪ್ಪೇಸ್ವಾಮಣ್ಣ ಬಂದು ಚೀಲ ಸುರಿದ. ಅತ್ತೆಯ ಕಣ್ಣು ಗಿರಣಿಯ ಬಾಯಿ ಬಿಟ್ಟು ಕದಲಲಿಲ್ಲ. ಟಕ್! ಒಂದು ಲಾಳದ ಮೊಳೆ ಟೋಪಿಗೆ ಕಚ್ಚಿಕೊಂಡಿತು. ಸ್ವಿಚ್ ಆರಿಸಿದೆ. ಠಣ್ ಅಂತ ಕೆಳಗೆ ಹಿಡಿದಿದ್ದ ಡಬ್ಬಿಗೆ ಬಿತ್ತು. ಅತ್ತೆ ಅದನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು.

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದು ನಂದಲ್ರೀ, ರಸ್ತೇದು."

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಾಲು ತುಳಿದಳು. "ಹೂಂ ಕಣ್ರೀ, ರಸ್ತೇದೇ. ಮುಂದಿನ ವಾರ ಎಷ್ಟು ಚೀಲ ತರ್ತೀರಿ?" ಚೀಲಗಳು ಬಂದವು, ಈಗಲೂ ಬರುತ್ತಿವೆ.

ನಿನ್ನೆ ಫೋನಿನ ಆ ಕಡೆ ಕಾವ್ಯ, "ಆಯ್ತಮ್ಮಾ ತಾಯಿ, ನಿಂದೇ ಸರಿ" ಅಂದಳು. ನನ್ನ ಬಳಿ ಇನ್ನೂ ಒಳ್ಳೊಳ್ಳೆಯ ಅಂಶಗಳು ಬಾಕಿ ಇದ್ದವು. ಮೇಜಿನ ಮೇಲೆ ನನ್ನ ಮಿಕ್ಸಿ ಹೊಟ್ಟೆ ಬಿಚ್ಚಿಕೊಂಡು, ಒಳಗಿನ ಮೆದು ಕಬ್ಬಿಣ ತೋರಿಸುತ್ತಾ ಕೂತಿತ್ತು.

"ಅದಿರಲಿ," ಅಂದೆ, "ಊಟ ಆಯ್ತೇನೇ?"

ಕಾವ್ಯ ಗಾಬರಿಯಿಂದ ಕೇಳಿದಳು: "ಹುಷಾರಾಗಿದೀಯ ತಾನೇ?"