ಇಮಾನಕ್ಕೆ ಹಾಸಿದ ನಡೆಮಡಿ

ಬ್ರಹ್ಮಪುರ ಓಣಿಯ ಮಡಿವಾಳರ ಮಹಾದೇವಪ್ಪ ಹಾಸಿದ ಬಟ್ಟೆಯಲ್ಲಿ ಒಂದು ಸುಕ್ಕು ತೋರಿಸುವುದು ಕಲಬುರಗಿಯಲ್ಲಿ ಯಾರ ಕೈಲೂ ಆಗುತ್ತಿರಲಿಲ್ಲ. ಮದುವೆಯ ಮೆರವಣಿಗೆ ಇರಲಿ, ಹೆಣ ಹೊರಡುವುದಿರಲಿ, ಮುಂದೆ ನಡೆಮಡಿ ಹಾಸುವವನು ಅವನೇ. ಎರಡು ಉದ್ದನೆಯ ಬಿಳಿ ಬಟ್ಟೆ ಸಾಕು. ಒಂದನ್ನು ಜನ ತುಳಿದು ದಾಟಿದ ಕೂಡಲೇ ಹಿಂದಿನದನ್ನು ಎತ್ತಿಕೊಂಡು ಓಡಿ ಬಂದು ಮುಂದೆ ಹಾಸಬೇಕು, ನಡೆಯುವವರ ಕಾಲು ಮಣ್ಣಿಗೆ ತಾಗಬಾರದು. ಅಪ್ಪನ ಕಾಲದಿಂದ ಬಂದ ಕೆಲಸ. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಅವನ ಕೈ ತಪ್ಪುತ್ತಿರಲಿಲ್ಲ. ಆ ಕೈ ಮೇಲೆ ಅವನಿಗೆ ಒಂದಿಷ್ಟು ಜಂಬವೂ ಇತ್ತು. ಇರಲಿ ಬಿಡಿ, ಬಡವನಿಗೆ ಅಷ್ಟಾದರೂ ಬೇಡವೇ?

ಹೆಂಡತಿ ದುಂಡಮ್ಮನ ತವರು ಕಮಲಾಪುರ. ಅಲ್ಲಿ ಹಳ್ಳದ ನೀರು ಚಲೋ, ಊರಿಗೆ ಮಡಿವಾಳರೂ ಕಡಿಮೆ ಅಂತ ಗಂಡ ಹೆಂಡತಿ ಕತ್ತೆ ಹೊಡೆದುಕೊಂಡು ಹೋಗಿ ಅಲ್ಲೇ ನೆಲೆ ನಿಂತರು. ನಿಜಾಮರ ಕಾಲ. ಹೈದರಾಬಾದಿನ ದೊಡ್ಡ ಸಾಹೇಬರು ಆಗತಾನೆ ವಿಮಾನದಲ್ಲಿ, ನಮ್ಮ ಜನರ ಬಾಯಲ್ಲಿ ಇಮಾನದಲ್ಲಿ, ತಿರುಗಾಡುವುದು ಕಲಿತಿದ್ದರು. ಕಮಲಾಪುರದ ಆಚೆ ಒಂದು ಬಯಲಿನ ಕಲ್ಲು ಆರಿಸಿ, ಗಿಡಗಂಟಿ ಸವರಿ, ಇಮಾನ ಇಳಿಯುವ ಮೈದಾನ ಅಂದರು. ಅದರ ಉಸ್ತುವಾರಿಗೆ ಕಲಬುರಗಿಯ ಗಾಜಿಪುರದ ಇಮಾಮುದ್ದೀನ್ ಮುನ್ಷಿ ಬಂದ. ಒಳ್ಳೆ ಮನುಷ್ಯ, ಆದರೆ ತಾನೇ ಇಮಾನ ಹಾರಿಸುವವನ ಹಾಗೆ ಕತ್ತೆತ್ತಿ ನಡೆಯುತ್ತಿದ್ದ. ಮಹಾದೇವಪ್ಪನ ಕೈಚಳಕ ಅವನು ಕಲಬುರಗಿಯಲ್ಲಿ ಕಂಡಿದ್ದ. ಕರೆದು ನೌಕರಿ ಕೊಟ್ಟ.

ನೌಕರಿ ಏನಪ್ಪಾ ಅಂದರೆ, ಮತ್ತೆ ಬಟ್ಟೆ ಹಾಸುವುದೇ! ಆಕಾಶದಲ್ಲಿ ಇರುವವನಿಗೆ ನೆಲದವರ ಮಾತು ಎಲ್ಲಿ ಕೇಳಬೇಕು? ಹೇಳುವುದನ್ನೆಲ್ಲ ಬಟ್ಟೆಯಲ್ಲೇ ಹೇಳಬೇಕು. ಎರಡು ಬಟ್ಟೆ ಒಂದೇ ಸಾಲಿಗೆ ಉದ್ದಕ್ಕೆ ಇದ್ದರೆ ಇಳಿ ಅಂತ. ಆ ಸಾಲು ಎಲ್ಲಿ ಸುರುವಾಗುತ್ತದೋ ಅಲ್ಲೇ ಗಾಲಿ ನೆಲಕ್ಕೆ ತಾಗಬೇಕು. ಒಂದರ ಮೇಲೊಂದು ಅಡ್ಡ ಹಾಕಿ ಕತ್ತರಿ ಮಾಡಿದ್ದರೆ ಇಳಿಯಬೇಡ ಅಂತ. ಮುನ್ಷಿ ಇದನ್ನು ಹೇಳಿಕೊಟ್ಟ, ಮಹಾದೇವಪ್ಪ ಕಲಿತ. ಇಮಾನಕ್ಕೂ ನಡೆಮಡಿ ಹಾಸುವ ಮಡಿವಾಳ ಇಡೀ ಮುಲ್ಕಿನಲ್ಲಿ ನಾನೊಬ್ಬನೇ ಅಂತ ಹಳ್ಳದ ದಂಡೆಯಲ್ಲಿ ಹೇಳಿಕೊಂಡ. ದುಂಡಮ್ಮ ನಕ್ಕಳು. ಕತ್ತರಿ ಹಾಕುವ ಪ್ರಸಂಗ ಮಾತ್ರ ಬಂದೇ ಇರಲಿಲ್ಲ. ಬಂದ ಇಮಾನವೆಲ್ಲ ಸುಸೂತ್ರ ಇಳಿದು ಹೋಗಿತ್ತು.

ಒಂದು ಬೆಳಗ್ಗೆ ಇಮಾನ ಬಂತು. ಮಹಾದೇವಪ್ಪ ಸಾಲು ಹಾಸಿ ಸರಿದು ನಿಂತ. ಇಮಾನ ಮೇಲೆ ಒಂದು ಸುತ್ತು ಹಾಕಿ, ಬಟ್ಟೆ ನೋಡಿಕೊಂಡು, ಇಳಿಯಲು ದೂರದಿಂದ ಮೂತಿ ತಿರುಗಿಸಿತು. ಆ ಸದ್ದಿಗೆ ಹಳ್ಳದ ಕಡೆ ಕಟ್ಟಿದ್ದ ಕತ್ತೆ ಬೆದರಿ, ಹಗ್ಗ ಕಿತ್ತುಕೊಂಡು, ಬೆನ್ನ ಮೇಲಿನ ಗಂಟಿನ ಸಮೇತ ಮೈದಾನಕ್ಕೆ ನುಗ್ಗಿತು. ಗಂಟಿನಲ್ಲಿದ್ದದ್ದು ಊರವರ ಬಟ್ಟೆ. ಹೋದರೆ ಯಾರಿಗೆ ಉತ್ತರ ಕೊಡುವುದು ಅಂತ ದುಂಡಮ್ಮ ಕತ್ತೆಯ ಹಿಂದೆಯೇ ಓಡಿದಳು. ಬಟ್ಟೆ ಹಾಸಿದ ಜಾಗ ದಾಟಿ, ಮೈದಾನದ ನಟ್ಟನಡುವೆ ಹೋಗಿ ಕತ್ತೆಯ ಕಿವಿ ಹಿಡಿದು ಜಗ್ಗುತ್ತಿದ್ದಳು.

ಮಹಾದೇವಪ್ಪ ಇದನ್ನು ಕಂಡ. ಕತ್ತರಿ ಹಾಕಬೇಕು, ಅಷ್ಟು ಅವನಿಗೆ ಹೊಳೆಯಿತು. ಓಡಿ ಹೋಗಿ ಹಿಂದಿನ ಬಟ್ಟೆ ಎತ್ತಿದ. ಅದನ್ನು ಮುಂದಿನದರ ಮೇಲೆ ಅಡ್ಡ ಹಾಕಬೇಕಿತ್ತು. ಹುಟ್ಟಿದಾಗಿನಿಂದ ಒಂದೇ ಕೆಲಸ ಮಾಡಿದ ಕೈ! ಎತ್ತಿದ ಬಟ್ಟೆಯನ್ನು ಹೊತ್ತು ಓಡಿ, ಇನ್ನೊಂದರ ಮುಂದೆ, ಅದೇ ಸಾಲಿಗೆ, ಚೊಕ್ಕಟವಾಗಿ ಹಾಸಿಬಿಟ್ಟಿತು.

ಮೇಲೆ ಇಮಾನ ಹಾರಿಸುತ್ತಿದ್ದ ಸಾಹೇಬ ಅದನ್ನು ನೋಡಿದ. ಸಾಲು ಮುಂದೆ ಸರಿಯಿತು, ಅಂದರೆ ಇನ್ನೂ ಮುಂದೆ ಹೋಗಿ ಇಳಿ ಅಂತ ಹುಕುಂ ಅಂದುಕೊಂಡ. ಕೆಳಗಿನವನು ಬೇಡ ಅಂದದ್ದು ಮೇಲಿನವನಿಗೆ ಬಾ ಅಂತ ಕಂಡಿತು. ನೇರ ದುಂಡಮ್ಮನ ಹತ್ತಿರಕ್ಕೇ ತಂದು ಇಳಿಸಿದ. ಕೊನೆ ಗಳಿಗೆಗೆ ಅವಳು ಕಣ್ಣಿಗೆ ಬಿದ್ದು ಇಮಾನ ಹೊರಳಿಸಿದ, ಆದರೂ ರೆಕ್ಕೆಯ ತುದಿ ಅವಳ ಮೊಣಕಾಲಿಗೆ ಬಡಿಯಿತು. ಕತ್ತೆಗೆ ಏನೂ ಆಗಲಿಲ್ಲ, ಅದು ಗಂಟು ಸಮೇತ ಮನೆ ಸೇರಿತು.

ಕಲಬುರಗಿಯ ಕಚೇರಿಯಲ್ಲಿ ವಿಚಾರಣೆ ಆಯಿತು. ಬಟ್ಟೆ ಹೇಳಿದ ಹಾಗೆ ಕೇಳಿದೆ, ನನ್ನದೇನು ತಪ್ಪು ಅಂತ ಸಾಹೇಬ ಹೇಳಿದ. ಅದೂ ಸುಳ್ಳಲ್ಲ. ಕತ್ತರಿ ಹಾಕಿ ತೋರಿಸು ಅಂತ ಮಹಾದೇವಪ್ಪನಿಗೆ ಅಂದರು. ಅಂಗಳದಲ್ಲಿ ಹಾಕಿ ತೋರಿಸಿದ, ಚೆನ್ನಾಗಿಯೇ ಬಂತು. ಹಾಗಾದರೆ ಅವತ್ತು ಯಾಕೆ ಹಾಕಲಿಲ್ಲ ಅಂತ ಗದರಿಸಿದರು.

"ನನಗ ಗೊತ್ತಿತ್ರೀ ಸರ್ಕಾರ," ಅಂದ. "ಕೈಗಿ ಗೊತ್ತಿರಲಿಲ್ಲ."

ನೌಕರಿ ಹೋಯಿತು. ಅದಕ್ಕೆ ಅವನು ಅಳಲಿಲ್ಲ. ಆದರೆ ದುಂಡಮ್ಮ ಕುಂಟುತ್ತಾ ಹಳ್ಳಕ್ಕೆ ಇಳಿಯುವುದನ್ನು ನೋಡಿದಾಗಲೆಲ್ಲ ಓಡಿ ಹೋಗಿ ಅವಳ ಗಂಟು ತಾನೇ ಹೊರುತ್ತಿದ್ದ. ಬಟ್ಟೆ ಒಗೆದ, ಇಸ್ತ್ರಿ ಮಾಡಿದ, ನಡೆಮಡಿ ಮಾತ್ರ ಮತ್ತೆ ಯಾರಿಗೂ ಹಾಸಲಿಲ್ಲ. ಊರ ಗೌಡರ ಮನೆಯ ಮದುವೆಗೂ ಹೋಗಲಿಲ್ಲ. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ನಾಲಿಗೆ ಮಾತ್ರ ಚುರುಕು. ಅಡುಗೆ ಮಾಡುತ್ತಾ ಕೇಳುವಳು: "ಖರೇ ಹೇಳ್ರಿ, ಅವತ್ತ ದಾರಿ ಹಾಸಿದ್ದು ಇಮಾನಕೋ, ನನಗೋ?" ಅವನು ರೊಟ್ಟಿ ಮುರಿಯುವನು. ಅವಳೇ ನಕ್ಕು ಪಲ್ಯ ಬಡಿಸುವಳು. ವರ್ಷಗಳು ಹೀಗೇ ಹೋದವು.

ಆಮೇಲೆ ಒಂದು ಬೇಸಿಗೆ ದುಂಡಮ್ಮ ಜ್ವರ ಬಂದು ಮಲಗಿದವಳು ಏಳಲಿಲ್ಲ. ಸುದ್ದಿ ಕೇಳಿ ಗಾಜಿಪುರದಿಂದ ಮುನ್ಷಿ ಇಮಾಮುದ್ದೀನನೂ ಬಂದ, ಕೋಲೂರಿಕೊಂಡು. ಹೆಣ ಎತ್ತಿದರು. ನೆಂಟರು ನಡೆಮಡಿ ಬಿಚ್ಚಲು ಹೋದರೆ ಮಹಾದೇವಪ್ಪ ಬಟ್ಟೆ ಕಸಿದುಕೊಂಡ. ಹಾಸಲಿ ಬಿಡಿ, ಹೆಂಡತಿಗಾದರೂ ಹಾಸಲಿ ಅಂತ ಜನ ದಾರಿ ಬಿಟ್ಟರು. ಅವನು ಒಂದನ್ನು ದಾರಿಗೆ ಓರೆಯಾಗಿ ಹಾಸಿದ. ಇನ್ನೊಂದನ್ನು ಅದರ ಮೇಲೆ ಅಡ್ಡ ಹಾಸಿ, ಎದ್ದು ನಿಂತ.

ಹೊತ್ತವರು ನಿಂತರು. ಇದೆಂಥ ಪದ್ಧತಿ, ದುಃಖಕ್ಕೆ ತಲೆ ಕೆಟ್ಟಿತೇನು ಅಂತ ಹಿರಿಯರು ಗೊಣಗಿದರು. ಆ ಕತ್ತರಿ ಏನು ಹೇಳುತ್ತಿದೆ ಅನ್ನುವುದು ಅಲ್ಲಿದ್ದವರಲ್ಲಿ ಮುನ್ಷಿ ಒಬ್ಬನಿಗೇ ಗೊತ್ತಿತ್ತು. ಹತ್ತಿರ ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

"ಮಾದೇವಪ್ಪಾ, ಇಮಾನ ಇಳದು ಹೋಗ್ಯದ," ಅಂದ. "ತೆಗಿ."

ಮಹಾದೇವಪ್ಪ ತಿರುಗಿ ಹೆಂಡತಿಯ ಮುಖ ನೋಡಿದ. ಆಮೇಲೆ ಬಗ್ಗಿ ಎರಡನ್ನೂ ಎತ್ತಿ ಒಂದೇ ಸಾಲಿಗೆ ಹಾಸಿದ. ಹೆಣ ದಾಟಿತು. ಹಿಂದಿನದನ್ನು ಎತ್ತಿಕೊಂಡು ಓಡಿ ಮುಂದೆ ಹಾಸಿದ, ಮತ್ತೆ ಎತ್ತಿದ, ಮತ್ತೆ ಹಾಸಿದ. ಮಣ್ಣು ಮಾಡುವ ಜಾಗದವರೆಗೂ ಒಂದು ಸುಕ್ಕು ಬೀಳಲಿಲ್ಲ.