ಆಸ್ವಾಲ್ಡನ ರಕ್ತ, ಅಜ್ಜಿಯ ಹೆಪ್ಪು

ಡೆನ್ಮಾರ್ಕಿನ ರಿಬೆ ಊರಿನ ಬೇಕರಿಯವ ಆಸ್ವಾಲ್ಡ್ ಸುಡುತ್ತಿದ್ದ, ರೈ ಧಾನ್ಯದ ಕಪ್ಪು ಬ್ರೆಡ್ಡು ಎಷ್ಟು ಗಟ್ಟಿ ಎಂದರೆ, ಸಮುದ್ರ ಉಕ್ಕಿ ಬಂದ ವರ್ಷ ಜನ ಮರಳಿನ ಚೀಲ ಬಿಟ್ಟು ಅದನ್ನೇ ಬಾಗಿಲಿಗೆ ಒಡ್ಡಿದ್ದರು. ಅದನ್ನು ಉಬ್ಬಿಸುವ ಹೆಪ್ಪು, ಅಂದರೆ ಜಾಡಿಯಲ್ಲಿಟ್ಟ ಯೀಸ್ಟ್ ತುಂಬಿದ ಹುಳಿಹಿಟ್ಟು, ಅಜ್ಜಿಯ ಕಾಲದ್ದು. ಮಧುಚಂದ್ರಕ್ಕೂ ಅವನು ಆ ಜಾಡಿಯನ್ನು ಕಂಕುಳಲ್ಲಿಟ್ಟುಕೊಂಡೇ ಹೋಗಿದ್ದ; ದಿನಾ ಹಿಟ್ಟುಣಿಸಬೇಕಲ್ಲ.

ಇಂಥವನ ಕರುಳು ಒಡೆದು, ಆಪರೇಷನ್ ಆಗಿ, ಐಸಿಯು ಸೇರಿದ. ಜ್ವರ ಇಳಿಯಲೊಲ್ಲದು. ನರ್ಸ್ ಡಾಗ್ನಿ ಬಂದು, "ರಕ್ತದಲ್ಲಿ ಯೀಸ್ಟ್ ಬೆಳೆದಿದೆ. ಇರು, ಔಷಧಿ ತರ್ತೀನಿ" ಎಂದು ಹೋದಳು.

ಆಸ್ವಾಲ್ಡ್ ಹೆಂಡತಿಯ ಕೈ ಹಿಡಿದ. "ಕಿರ್ಸ್ಟೀನ್, ನಮ್ಮ ಹಿಟ್ಟೇ ನನ್ನೊಳಗೆ ಹೊಕ್ಕಿದೆ ಕಣೆ. ಮನೆಗೆ ಹೋಗಿ ಜಾಡಿ ಚೆಲ್ಲಿಬಿಡು. ಊರಿಗೆಲ್ಲ ಅಂಟೋದು ಬೇಡ."

ಡಾಗ್ನಿ ಮರಳಿದಾಗ ಕಿರ್ಸ್ಟೀನ್ ಇರಲಿಲ್ಲ. ಆಸ್ವಾಲ್ಡನಿಂದ ವಿಷಯ ಕೇಳಿ ನರ್ಸ್ ನಕ್ಕುಬಿಟ್ಟಳು.

"ಅಲ್ಲ ಮಾರಾಯ, ಇದು ಬೇಕರಿ ಯೀಸ್ಟ್ ಅಲ್ಲ. ಎಲ್ಲರ ಹೊಟ್ಟೇಲೂ ತೆಪ್ಪಗೆ ಇರೋ ಬೇರೆ ಜಾತಿ. ಕರುಳು ಒಡೆದಾಗ ರಕ್ತಕ್ಕೆ ನುಗ್ಗಿದೆ. ನಿನ್ನ ಕುತ್ತಿಗೆಗೆ ಹಾಕಿರೋ ನಳಿಗೇಲೂ ಕೂತಿರಬಹುದು, ಅದನ್ನ ಬದಲಾಯಿಸ್ತೀವಿ. ಇದು ಕಣ್ಣಿಗೂ ಹರಡಬಹುದು, ಅದಕ್ಕೆ ಕಣ್ಣಿನ ಡಾಕ್ಟರೂ ಬಂದು ನೋಡ್ತಾರೆ."

"ಕಣ್ಣು ಆಮೇಲೆ ನೋಡ್ಲಿ. ಮೊದಲು ಫೋನ್ ಕೊಡು."

ಫೋನಿನಲ್ಲಿ ಕಿರ್ಸ್ಟೀನ್ ಹೆಮ್ಮೆಯಿಂದ ಹೇಳಿದಳು: "ಚೆಲ್ಲಿ, ಜಾಡಿ ತೊಳೆದೂ ಆಯ್ತು. ಫಳಫಳ ಅಂತಿದೆ."

"ಮದುವೆ ಆದಾಗಿಂದ ನನ್ನ ಒಂದು ಮಾತು ಕೇಳಿದವಳಲ್ಲ. ಇವತ್ತೇ ಕೇಳಬೇಕಿತ್ತಾ?"

ಔಷಧಿ ನಾಟಿತು. ಜ್ವರ ಇಳಿಯಿತು, ರಕ್ತ ಶುದ್ಧವಾಯಿತು, ಕಣ್ಣಿಗೂ ಏನೂ ಆಗಿರಲಿಲ್ಲ. ಆದರೆ ಆಸ್ವಾಲ್ಡ್ ಗೋಡೆಗೆ ಮುಖ ಹಾಕಿ, ಬೇಕರಿ ಮುಚ್ಚುತ್ತೇನೆಂದು ಕೂತ. ಹೆಪ್ಪಿಲ್ಲದ ಮೇಲೆ ಇನ್ನೇನು ಸುಡುವುದು?

ಹೆಪ್ಪು ಚೆಲ್ಲಿದ್ದನ್ನು ಕಿರ್ಸ್ಟೀನ್ ಊರಲ್ಲಿ ಬಾಯಿ ಬಿಟ್ಟಳು. ರಿಬೆಯ ಹೊಸ ಜೋಡಿಗಳಿಗೆಲ್ಲ ಆಸ್ವಾಲ್ಡನ ಮದುವೆ ಉಡುಗೊರೆ ಎಂದರೆ ಅದೇ ಹೆಪ್ಪಿನ ಒಂದು ಚಮಚ. ಅವನು ಮನೆಗೆ ಬಂದ ದಿನ ಬಾಗಿಲಲ್ಲಿ ಜಾಡಿ ಹಿಡಿದವರ ಸಾಲು ಎಷ್ಟಿತ್ತೆಂದರೆ, ಬಾಲ ಜರ್ಮನಿಯ ಗಡಿ ದಾಟಿತ್ತಂತೆ. ಆಸ್ವಾಲ್ಡ್ ಒಂದೊಂದನ್ನೇ ಮೂಸಿದ. ಚರ್ಚಿನ ಗಂಟೆಯವನದು ವಿನೆಗರ್ ಆಗಿತ್ತು. ಮೇಷ್ಟರು ಮೈದಾ ತಿನ್ನಿಸಿ ಕೆಡಿಸಿದ್ದರು.

ಕೊನೆಗೆ ಎದುರು ಬೇಕರಿಯ ಮೋಗೆನ್ಸ್ ಬಂದ. ಅವನ ಬ್ರೆಡ್ಡನ್ನು ಬೈಯದೆ ಆಸ್ವಾಲ್ಡನಿಗೆ ಕಾಫಿ ಇಳಿಯುತ್ತಿರಲಿಲ್ಲ. ಮೋಗೆನ್ಸ್ ತಂದ ಡಬ್ಬಿಯನ್ನು ಆಸ್ವಾಲ್ಡ್ ಬಹಳ ಹೊತ್ತು ಮೂಸಿದ.

"ಅಜ್ಜಿದೇ ಇದು. ನಿಂಗೆಲ್ಲಿ ಸಿಕ್ತೋ?"

"ನಿನ್ನ ಮಗಳ ಮದುವೇಲಿ ಕದ್ದೆ."

"ಹಂಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು ನನ್ನ ಬ್ರೆಡ್ಡನ್ನೇ?"

"ಹೂಂ. ಚೆನ್ನಾಗೇ ಬೈತಿದ್ದೆ."

ಆಸ್ವಾಲ್ಡ್ ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಹೆಂಡತಿಯನ್ನು ಕೂಗಿ, ರೈ ಹಿಟ್ಟು ತರಲು ಹೇಳಿದ.