ಗೇಣು ಪ್ರಪಂಚ, ಮಾರು ದೇಶ

ನಮ್ಮ ಶಾಲೆಯ ಚರಿತ್ರೆ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಲೋಲಕ. ಕೂತ ಕಡೆ ಕೂತವರಲ್ಲ, ನಿಂತ ಕಡೆ ನಿಂತವರಲ್ಲ. ಮದುವೆ ಫೋಟೋದಲ್ಲೂ ಮದುಮಗನೊಬ್ಬನೇ ಮಸುಕು ಎಂದು ಅವರ ಹೆಂಡತಿ ಇಂದಿಗೂ ಗೊಣಗುತ್ತಾರೆ.

ತರಗತಿಯ ಓಡಾಟಕ್ಕೆ ಕಾರಣವೂ ಇತ್ತು. ಎಡಗೋಡೆಯಲ್ಲಿ ದೇಶದ ಕಾಲಪಟ್ಟಿ, ಬಲಗೋಡೆಯಲ್ಲಿ ಪ್ರಪಂಚದ್ದು. ಎರಡನ್ನೂ ಒಟ್ಟಿಗೇ ಕಲಿಸಬೇಕೆಂಬುದು ಅವರ ಹಟ. "ಇಲ್ಲಿ ದಂಗೆ ಎದ್ದಾಗ ಅಲ್ಲಿ ಏನಾಗ್ತಿತ್ತು?" ಎಂದು ಒಂದು ಗೋಡೆಯ ಹತ್ತಿರ ಕೇಳಿ, ಉತ್ತರಕ್ಕೆ ಇನ್ನೊಂದಕ್ಕೆ ಓಡುತ್ತಿದ್ದರು. ಮಕ್ಕಳ ಕತ್ತು ನೋಯುತ್ತಿತ್ತು; ಪಾಠ ಮಾತ್ರ ತಲೆಗೆ ಹತ್ತುತ್ತಿತ್ತು.

ಇನ್‌ಸ್ಪೆಕ್ಟರ್ ಬರುವ ಸುದ್ದಿ ಬಂತು. ಅವರು ಒಪ್ಪಿದರೆ ಜೋಡಿಪಾಠ ಉಳಿಯುತ್ತದೆ. "ಇಲ್ಲಾಂದ್ರೆ ದೇಶ ನಿಮಗೆ, ಪ್ರಪಂಚ ಡ್ರಿಲ್ ಮೇಷ್ಟ್ರಿಗೆ," ಎಂದುಬಿಟ್ಟರು ಹೆಡ್‌ಮಿಸ್ಟ್ರೆಸ್.

"ಅವರ ಕೈಗೆ ಕೊಟ್ರೆ ಪ್ರಪಂಚಕ್ಕೇ ಬಸ್ಕಿ ಹೊಡೆಸ್ತಾರೆ ಕಣ್ರೀ," ಎಂದು ಲೋಲಕರು ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿಯನ್ನು ಸುತ್ತತೊಡಗಿದರು. ಅವರ ಕಾಫಿ ಆರಿತು, ಅವರು ಆರಲಿಲ್ಲ.

ಇನ್ನು ಓಡುವುದು ಬೇಡವೆಂದು ಅವರು ಎರಡೂ ಪಟ್ಟಿಗಳನ್ನು ಒಂದೇ ಗೋಡೆಗೆ, ಒಂದರ ಕೆಳಗೊಂದು ಹಚ್ಚಲು ಹೋದಾಗ ಅಳತೆಯೇ ಹೊಂದಲಿಲ್ಲ. ದೇಶದ ನೂರು ವರ್ಷಕ್ಕೆ ಒಂದು ಮಾರು ಜಾಗ; ಪ್ರಪಂಚದ ನೂರಕ್ಕೆ ಒಂದೇ ಗೇಣು! ಅದೇ ಗೋಡೆಗಳ ನಡುವೆ ಲೆಕ್ಕ ಕಲಿಸುವ ನನಗೂ ಹೊಳೆದಿರಲಿಲ್ಲ. ಪ್ರಪಂಚದ ಅಳತೆಗೆ ದೇಶವನ್ನು ಹೊಸದಾಗಿ ಬರೆದರು. ಮೂಲೆಯಲ್ಲಿ ಟವೆಲಿನಷ್ಟಾಯಿತು.

"ಏನ್ರೀ ಇದು, ನಮ್ಮ ದೇಶ ಇಷ್ಟೇನಾ?" ಹೆಡ್‌ಮಿಸ್ಟ್ರೆಸ್ ಕೆಂಡವಾದರು. "ಇನ್‌ಸ್ಪೆಕ್ಟರ್ ಇದನ್ನ ನೋಡಿದ್ರೆ ನಮ್ಮಿಬ್ಬರನ್ನೂ ಚರಿತ್ರೆಗೆ ಸೇರಿಸಿಬಿಡ್ತಾರೆ. ಮೊದಲಿನ ಹಾಗೇ ದೊಡ್ಡದು ಮಾಡಿ."

"ಮಾಡ್ತೀನಿ ಮೇಡಂ. ಆದ್ರೆ ಎರಡನ್ನೂ."

ಮಕ್ಕಳು ಬರೆದರು, ಡ್ರಿಲ್ ಮೇಷ್ಟ್ರೇ ಏಣಿ ಹಿಡಿದರು. ಗೋಡೆಯ ಮೇಲೆ ಬಾಗಿಲವರೆಗೆ ದೇಶ, ಪ್ರಪಂಚ ಎರಡೂ ಸರಿಸಮ ನಿಂತವು. ಆಮೇಲೆ ಪ್ರಪಂಚವೊಂದೇ ಹಿಂದಿನ ಶತಮಾನಗಳನ್ನು ಎಳೆದುಕೊಂಡು ಬಾಗಿಲು ದಾಟಿ, ವರಾಂಡ ಹಿಡಿದು, ಹೆಡ್‌ಮಿಸ್ಟ್ರೆಸ್ ಕೋಣೆಯೆದುರು ಪ್ಲೇಗು ಹರಡಿ, ಕೊನೆಗೆ ಕೊಳಾಯಿ ಹತ್ತಿರ ಹೋಗಿ ಮುಟ್ಟಿತು. ನಾಗರಿಕತೆ ಹುಟ್ಟಲು ನೀರಂತೂ ಇತ್ತು.

ಇನ್‌ಸ್ಪೆಕ್ಟರ್ ಕೊಳಾಯಿವರೆಗೂ ನಡೆದು ವಾಪಸ್ ಬಂದು ಬಾಗಿಲಲ್ಲಿ ನಿಂತರು. ಲೋಲಕರ ಕಾಲು ನೆಲ ಕೆರೆಯುತ್ತಿತ್ತು.

"ಅಲ್ಲ ಮೇಷ್ಟ್ರೇ, ನಮ್ಮ ದೇಶ ಇಲ್ಲೇ ನಿಂತುಬಿಟ್ಟಿದೆಯಲ್ಲ? ಅದಕ್ಕೂ ಮೊದಲು ಇಲ್ಲಿ ಜನ ಇರಲಿಲ್ವಾ?"

"ದೇಶದ ಪಠ್ಯಪುಸ್ತಕ ಅಲ್ಲಿಗೆ ನಿಂತಿದೆ ಸಾರ್. ನಾನು ನಿಂತಿಲ್ಲ."

ಇನ್‌ಸ್ಪೆಕ್ಟರ್ ನಗಲೂ ಇಲ್ಲ, ಬೈಯಲೂ ಇಲ್ಲ. "ಸರಿ, ಒಟ್ಟಿಗೇ ಕಲಿಸಿ. ಮುಂದಿನ ವರ್ಷ ನಾನು ಬರೋದ್ರೊಳಗೆ ದೇಶವೂ ಕೊಳಾಯಿ ಮುಟ್ಟಿರ್ಬೇಕು."

ಕಾರು ಗೇಟು ದಾಟುವ ಮುಂಚೆಯೇ ಲೋಲಕರು ಪೇಪರ್ ಸುರುಳಿ ಹೆಗಲಿಗೇರಿಸಿ ವರಾಂಡಕ್ಕಿಳಿದಿದ್ದರು. ಹಿಂದೆ ಇಡೀ ಕ್ಲಾಸು. ಅದರ ಹಿಂದೆ, ಯಾಕೋ, ವಿಸಲ್ ಊದುತ್ತಾ ಡ್ರಿಲ್ ಮೇಷ್ಟ್ರು.